ಏನೂ ಬಿದ್ದಿಲ್ಲವೆಂದು ಸಾರಿದ ದುರಗವ್ವ

ಬಹಳ ಬಹಳ ಹಿಂದೆ ಮುದೇನಹಾಳ ಅಂತ ಒಂದು ಊರು. ಎಷ್ಟು ಹಿಂದೆ ಅಂತ ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ ಸಂಗತಿ ಇದು, ಆ ಅಜ್ಜಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಡಂಗುರ ಸಾರುವ ಕೆಂಚಪ್ಪ ಇದ್ದ, ಅವನ ಹೆಂಡತಿ ದುರಗವ್ವ ಇದ್ದಳು. ಕೆಂಚಪ್ಪ ಊರ ಅಗಸೆಬಾಗಿಲಲ್ಲಿ ನಿಂತು ಕೂಗಿದರೆ ಪಕ್ಕದೂರಿನ ಸೊಸೆಯಂದಿರು ಕೈಕೆಲಸ ಬಿಟ್ಟು ಕಿವಿ ಕೊಡುತ್ತಿದ್ದರಂತೆ. ದುರಗವ್ವನದು ಮೆಲುದನಿ. ಮನೆಯೊಳಗೆ ಮಾತ್ರ ಅವಳು ಹೇಳಿದ್ದೇ ನಡೆಯುತ್ತಿತ್ತು ಅನ್ನಿ.

ಆಗಿನ ಡಂಗುರಕ್ಕೆ ಒಂದು ಕಟ್ಟಳೆ ಇತ್ತು. ಹಲಗೆ ಬಾರಿಸಿ, ಸಂಗತಿ ಸಾರಿ, ಕೊನೆಗೆ ಇದನ್ನು ಸಾರಿದವನು ಇಂಥವನು ಅಂತ ಹೆಸರು ಹೇಳಬೇಕು. ಹೆಸರಿಲ್ಲದ ಡಂಗುರವನ್ನು, ಅದು ಅರಮನೆಯದೇ ಆಗಲಿ, ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸುಳ್ಳು ಸಾರಿದರೆ ಹಿಡಿದು ಕೇಳುವುದಕ್ಕೆ ಒಬ್ಬ ಬೇಕಲ್ಲ, ಅದಕ್ಕೆ.

ಒಂದು ದಿನ ಮಟಮಟ ಮಧ್ಯಾಹ್ನ ಕೆಂಗುಡ್ಡದ ಆಚೆ ಆಕಾಶದಿಂದ ಏನೋ ಬಿತ್ತಂತೆ. ತೆನೆ ಒಕ್ಕುವ ಕಣದಷ್ಟು ಅಗಲ ಇತ್ತಂತೆ, ಹುಣಿಸೆಹಣ್ಣು ಹಚ್ಚಿ ತಿಕ್ಕಿದ ಕೊಪ್ಪರಿಗೆಯ ಹಾಗೆ ಹೊಳೆಯುತ್ತಿತ್ತಂತೆ. ಒಳಗೆ ಯಾರೋ ಗುಂಯ್ಗುಡುತ್ತಿದ್ದರು ಅಂತ ಕೆಲವರು. ಮೊಣಕಾಲೆತ್ತರದ ಮನುಷ್ಯರು ಇಳಿದು ಬಂದು ನೀರು ಕೇಳಿದರು ಅಂತ ಇನ್ನು ಕೆಲವರು. ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು? ಹತ್ತಿರ ಹೋಗಿ ಕಣ್ಣಾರೆ ಕಂಡವನು ಕೆಂಚಪ್ಪ ಒಬ್ಬನೇ. ಕಂಡದ್ದನ್ನು ಸಾರದೆ ಇರುವ ಜೀವವೇ ಅಲ್ಲ ಅದು. ಹಲಗೆ ತರಲು ಮನೆಯ ಕಡೆ ಓಡಿದ. ಆ ವಸ್ತುವಿನ ಬೆನ್ನು ಹತ್ತಿ ಬಂದಿದ್ದ ಅರಮನೆಯ ಸವಾರರು ಅವನನ್ನು ದಾರಿಯಲ್ಲೇ ಹಿಡಿದು ಒಯ್ದರು.

ಆಮೇಲೆ ಎತ್ತುಗಳನ್ನು ಹೂಡಿ, ಕಂಬಳಿ ಮುಚ್ಚಿ, ಆ ವಸ್ತುವನ್ನೂ ಎಳೆದುಕೊಂಡು ಹೋದರಂತೆ. ಬಿದ್ದ ಜಾಗವನ್ನು ಉತ್ತು, ನಡು ಬೇಸಿಗೆಯಲ್ಲಿ ಹುರುಳಿ ಬಿತ್ತಿದರಂತೆ! ದುರಗವ್ವ ಅಮಲ್ದಾರನ ಕಚೇರಿಗೆ ಹೋಗಿ ಗಂಡ ಎಲ್ಲಿ ಅಂತ ಕೇಳಿದಳು. ಅಷ್ಟರಲ್ಲಿ ಶಾನುಭೋಗರ ಕಡತದಿಂದ ಕೆಂಚಪ್ಪನ ಹೆಸರಿದ್ದ ಹಾಳೆಯೇ ಮಾಯವಾಗಿತ್ತು. ಅಂಥ ಮನುಷ್ಯ ಹುಟ್ಟಿಯೇ ಇಲ್ಲ, ಇನ್ನು ಹಿಡಿಯುವುದು ಹೇಗೆ ಅಂದರು.

"ಬಳಿ ಇಟ್ಕೊಳ್ಳಲೇನು, ಒಡೀಲೇನು? ಅಷ್ಟರ ಹೇಳ್ರಿ" ಅಂದಳಂತೆ ದುರಗವ್ವ. ಕಚೇರಿಯವರು ಕಡತ ಮಡಚಿಟ್ಟು ಎದ್ದರು. ಅವಳು ಬಳೆ ಒಡೆಯಲಿಲ್ಲ. ಆದರೆ ಒಂಟಿ ಮನೆಯಲ್ಲಿ ರೊಟ್ಟಿ ತಟ್ಟುವಾಗ ಆ ಬಳೆಗಳು ಸದ್ದು ಮಾಡದಿರಲಿ ಅಂತ ಮೊಣಕೈಯತ್ತ ಸರಿಸಿ ಬಿಗಿ ಮಾಡಿಕೊಳ್ಳುತ್ತಿದ್ದಳಂತೆ.

ಇತ್ತ ಊರೂರಲ್ಲಿ ಗುಸುಗುಸು ಹೆಚ್ಚಿತು. ಅಮಲ್ದಾರನಿಗೆ ಮೇಲಿಂದ ಅಪ್ಪಣೆ ಬಂತು, ಏನೂ ಬಿದ್ದಿಲ್ಲವೆಂದು ಡಂಗುರ ಹೊಡೆಸು ಅಂತ. ಹೊಡೆಸೋಣ ಅಂದರೆ ಸಾರುವವನನ್ನೇ ಹಿಡಿದು ಕೂಡಿಹಾಕಿದ್ದರಲ್ಲ! ಬೇರೆ ದಾರಿ ಕಾಣದೆ ಅಮಲ್ದಾರ ದುರಗವ್ವನಿಗೇ ಸಾರಲು ಹೇಳಿದ. ಅವಳು ಕೈಮುಗಿದು, "ಹಲಗಿ ನನ್ನ ಗಂಡಂದ್ರಿ. ಅವನ ಹೆಸರಿಲೇ ಸಾರಬೇಕ್ರಿ" ಅಂದಳು. ಅಮಲ್ದಾರನಿಗೆ ಅವಸರ. ಯಾವನ ಹೆಸರಾದರೂ ಹೇಳು, ಮೊದಲು ಕೆಲಸ ಮುಗಿಸು ಅಂದುಬಿಟ್ಟ. ಅಲ್ಲೇ ಅವನು ಎಡವಿದ್ದು.

ದುರಗವ್ವ ಸಂತೆಯ ನಡುವೆ ನಿಂತು ಹಲಗೆ ಬಾರಿಸಿದಳು. "ಕೇಳ್ರಪೋ ಕೇಳ್ರಿ! ಕೆಂಗುಡ್ಡದ ಆಚಿ ಕಣದಷ್ಟು ಅಗಲದ್ದು ಏನೂ ಬಿದ್ದಿಲ್ಲ! ಕೊಪ್ಪರಿಗಿ ಹಂಗ ಹೊಳಿಯೂದು ಏನೂ ಬಿದ್ದಿಲ್ಲ! ಎತ್ತು ಹೂಡಿ, ಕಂಬಳಿ ಮುಚ್ಚಿ, ಯಾರೂ ಏನೂ ಎಳಕೊಂಡು ಹೋಗಿಲ್ಲ! ಇದನ್ನ ಸಾರಿದಾವ ಕೆಂಚಪ್ಪ!"

ಅಲ್ಲಿಯ ತನಕ ಗೊತ್ತಿಲ್ಲದವರಿಗೂ ಎಲ್ಲ ಗೊತ್ತಾಯಿತು. ಜನ ಬಿದ್ದು ಬಿದ್ದು ನಕ್ಕರಂತೆ. ಹೆಂಗಸಿನ ಬಾಯಲ್ಲಿ ಗಂಡಸಿನ ಹೆಸರು ಕೇಳಿದಾಗ ಮಾತ್ರ ನಗು ನಿಂತುಹೋಯಿತಂತೆ. ಕೆಂಚಪ್ಪ ಎಲ್ಲಿ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರಂತೆ.

ನಿಲ್ಲಿಸು ಅಂತ ಅಪ್ಪಣೆ ಬರುವ ತನಕ ಸಾರುವುದು ಡಂಗುರದವರ ಧರ್ಮ. ನಿಲ್ಲಿಸು ಅಂದರೆ ಬಿದ್ದದ್ದು ನಿಜ ಅಂತ ಒಪ್ಪಿದ ಹಾಗೆ ಅಂತ ಅಮಲ್ದಾರ ಬಾಯಿ ಮುಚ್ಚಿಕೊಂಡ. ದುರಗವ್ವ ಸಂತೆಯಿಂದ ಸಂತೆಗೆ ನಡೆದಳು. ಅಂಗಾಲು ಒಡೆಯಿತು. ಮೆಲುದನಿ ಒಡೆದು, ಕೂಡಿ, ಕಂಚಿನಂತಾಯಿತು. ಗಂಡ ಬದುಕಿದ್ದಾನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಹೆಸರು ಬಿಟ್ಟರೆ ಅವನೂ ಹೋದ ಹಾಗೆ ಅಂತ ಹೆದರಿ ಹೆದರಿ ಸಾರುತ್ತಿದ್ದಳಂತೆ.

ಕೊನೆಗೆ ಸುದ್ದಿ ದಿವಾನರ ಕಿವಿಗೆ ಬಿತ್ತು. ಊರೂರಲ್ಲಿ ಸಾರುತ್ತಿರುವ ಈ ಕೆಂಚಪ್ಪ ಯಾರು ಅಂತ ಕೇಳಿದರು. ಅಂಥವನು ಇಲ್ಲವೇ ಇಲ್ಲ ಮಹಾಸ್ವಾಮಿ, ಕಡತ ನೋಡಿ ಅಂದರು ಕಚೇರಿಯವರು. ದಿವಾನರು ತಲೆ ಮೇಲೆ ಕೈ ಇಟ್ಟುಕೊಂಡರಂತೆ. ಸಾರಿದವನು ಇಲ್ಲ ಅಂದರೆ ಡಂಗುರ ಇಲ್ಲ. ಡಂಗುರ ಇಲ್ಲ ಅಂದರೆ ಏನೋ ಬಿದ್ದದ್ದು ಹೌದು. ಏನೂ ಬಿದ್ದಿಲ್ಲ ಅಂತ ಉಳಿಯಬೇಕಾದರೆ ಕೆಂಚಪ್ಪ ಇರಲೇಬೇಕು! ಹಾಳೆ ಮತ್ತೆ ಸೇರಿತು, ಕೋಟೆಯ ಕತ್ತಲೆಕೋಣೆಯ ಬಾಗಿಲು ತೆರೆಯಿತು.

ಅಂದು ದುರಗವ್ವ ಸಂತೆಯಲ್ಲಿ ಕೂಗುತ್ತಿದ್ದಳು. ಇದನ್ನ ಸಾರಿದಾವ ಅಂದದ್ದೇ ತಡ, ಗಡ್ಡ ಬೆಳೆದ, ಕಡ್ಡಿಯಂಥ ಒಬ್ಬ ಮನುಷ್ಯ ಜನರ ನಡುವಿನಿಂದ ಕೈ ಎತ್ತಿದ. ನಾನು ಅನ್ನಲು ಹೋದ, ದನಿ ಹೊರಡಲಿಲ್ಲ. ಕೋಟೆಯಲ್ಲಿ ದನಿ ಉಡುಗಿಹೋಗಿತ್ತು. ದುರಗವ್ವ ಹಲಗೆಯನ್ನು ಅವನ ಕೈಗೆ ಕೊಟ್ಟು, ಎಲ್ಲರ ಎದುರಿಗೆ ಗೊಳೋ ಅಂತ ಅತ್ತಳು. ಅಂದಿನಿಂದ ಅವನು ಬಾರಿಸುತ್ತಿದ್ದ, ಅವಳು ಸಾರುತ್ತಿದ್ದಳು. ಆ ದಿನ ಕಂಡದ್ದೇನು ಅಂತ ಕೇಳಿದರೆ ಕೆಂಚಪ್ಪ ಆಕಾಶ ನೋಡಿ ನಗುತ್ತಿದ್ದನಂತೆ, ಅಷ್ಟೇ.

ನಮ್ಮ ಸೀಮೆಯಲ್ಲಿ ಇವತ್ತಿಗೂ, ಯಾರನ್ನಾದರೂ ಕರೆದೊಯ್ದು ಸುಳಿವು ಕೊಡದಿದ್ದರೆ, ಮನೆಯ ಹೆಂಗಸು ಹಲಗೆ ಹಿಡಿದು ಸಂತೆಗೆ ಹೋಗುತ್ತಾಳೆ. ಏನಾದರೂ ಸಾರುತ್ತಾಳೆ, ಮಳೆಯ ಸುದ್ದಿಯೋ ಉಪ್ಪಿನ ಧಾರಣೆಯೋ. ಕೊನೆಗೆ ಸಾರಿದವನು ಅಂತ ಕಾಣೆಯಾದವನ ಹೆಸರು ಹೇಳುತ್ತಾಳೆ. ಸಂತೆಗೆ ಸಂತೆಯೇ ವ್ಯಾಪಾರ ನಿಲ್ಲಿಸಿ "ಕೇಳಿಸ್ತವ್ವಾ" ಅನ್ನುತ್ತದೆ. ಹೋದವರೆಲ್ಲ ತಿರುಗಿ ಬರುತ್ತಾರೆ ಅಂತ ನಾನು ಹೇಳಲಾರೆ. ಬಂದವರೂ ಇದ್ದಾರೆ. ನಮ್ಮವ್ವ ಸಾರಿದ್ದು ಉಪ್ಪಿನ ಧಾರಣೆ, ನಮ್ಮಪ್ಪ ಬಂದ.