ರೆಕ್ಕೆ ಬಿಟ್ಟು ನೆಲ ನೋಡಿದವನು

"ಗುರುಗಳೇ, ಗುರುವಿನ ಮೇಲಿಟ್ಟ ಕಣ್ಣನ್ನ ಅತ್ತಿತ್ತ ಆಡಿಸದೇ ಇರೋನೇ ಅಲ್ವಾ ದೊಡ್ಡ ಶಿಷ್ಯ?" ಅಂತ ಕೇಳ್ದ ಕೆಂಪರಾಜ.

ಕೇಳಿದ್ದೇನೋ ಪ್ರಶ್ನೆ ಥರಾನೇ ಇತ್ತು. ಅವನಿಗೆ ಬೇಕಿದ್ದಿದ್ದು ಮಾತ್ರ ಎಲ್ಲರೆದುರು ಒಂದು ಶಭಾಸ್‌ಗಿರಿ. ಗುರುಗಳು ಬೈಯ್ಯಲೂ ಇಲ್ಲ, ಹೊಗಳಲೂ ಇಲ್ಲ. ಒಂದು ಕತೆ ಹೇಳಿದ್ರು.

ಒಂದು ದೇಶದ ವಾಯುಪಡೇಲಿ, ಆಕಾಶದಲ್ಲಿ ಲಾಗ ಹಾಕಿ ತೋರಿಸೋ ವಿಮಾನಗಳ ತಂಡ ಇತ್ತು. ಯುದ್ಧಕ್ಕಲ್ಲ, ಜನ ನೋಡೋಕೆ. ರೆಕ್ಕೆಗೆ ರೆಕ್ಕೆ ತಾಗೋ ಹಾಗೆ ಹಾರೋವು. ಮೂಗು ಕೆಳಗೆ ಮಾಡಿ ಇಳಿದು, ಇನ್ನೇನು ಬಿದ್ವು ಅನ್ನೋವಾಗ ಒಟ್ಟಿಗೇ ಮೇಲಕ್ಕೆ ಏಳೋವು. ಅದಕ್ಕೊಂದು ಕಟ್ಟಳೆ: ನೆಲ ನೋಡೋದು ನಾಯಕ ಒಬ್ಬನೇ. ಮಿಕ್ಕೋರು ನೋಡ್ಬೇಕಾದ್ದು ನಾಯಕನ ರೆಕ್ಕೆ. ಅಲ್ಲಿಂದ ಕಣ್ಣು ಕಿತ್ರೆ ಒಂದಕ್ಕೊಂದು ಗುದ್ದಿ ಎಲ್ಲಾ ಹೋದ್ರು ಅಂತಾನೇ ಲೆಕ್ಕ.

ಇಳಿದ ಮೇಲೆ ಎಲ್ಲಾ ಒಂದು ಕೋಣೆಗೆ ಹೋಗಿ ಬಾಗಿಲು ಹಾಕ್ಕೊಳ್ಳೋರು. ಆ ಕೋಣೇಲಿ ಸೆಲ್ಯೂಟ್ ಇಲ್ಲ, ಸಾರ್ ಇಲ್ಲ. ಅವತ್ತಿನ ತಪ್ಪು ಯಾರದೇ ಇರ್ಲಿ, ಮುಖಕ್ಕೇ ಹೇಳ್ಬೇಕು. ಕೇಳೋಕೆ ಎಷ್ಟು ಚೆಂದ! ನಡೀತಿದ್ದಿದ್ದು ಬೇರೆ. "ಇವತ್ತು ನಾನು ತಿರುಗಿದ್ದು ಚೂರು ತಡ ಆಯ್ತು" ಅನ್ನೋನು ನಾಯಕ. "ಛೆ ಛೆ, ನಾವೇ ಬೇಗ ತಿರುಗಿದ್ವಿ" ಅಂತ ಮಿಕ್ಕೋರು ಕೆನ್ನೆ ಬಡ್ಕೊಳ್ಳೋರು. ಆಮೇಲೆ ಟೀ.

ಆ ತಂಡಕ್ಕೆ ಒಬ್ಬ ಹೊಸಬ ಬಂದ. ಚಿಕ್ಕಂದಿನಿಂದ ಅವನು ಬಯಸಿದ್ದು ಆ ಜಾಗ ಒಂದೇ. ಬಂದ ಸ್ವಲ್ಪ ದಿನಕ್ಕೇ ಒಂದು ಅನುಮಾನ ಶುರುವಾಯ್ತು. ಜನ ಜೋರಾಗಿ ಚಪ್ಪಾಳೆ ತಟ್ಟಿದಷ್ಟೂ ಮುಂದಿನ ಸಲ ನಾಯಕ ಇನ್ನೊಂಚೂರು ಕೆಳಗೆ ಇಳಿಸ್ತಾನೆ ಅಂತ ಮೈಗೆ ಗೊತ್ತಾಗೋದು, ಕಣ್ಣಿಗೆ ಗೊತ್ತಾಗೋ ಹಾಗಿರ್ಲಿಲ್ಲ. ಒಂದಿನ ತಡೀಲಾರದೆ, ರೆಪ್ಪೆ ಮಿಟುಕಿಸೋ ಅಷ್ಟು ಹೊತ್ತು, ರೆಕ್ಕೆ ಬಿಟ್ಟು ಕೆಳಗೆ ನೋಡೇಬಿಟ್ಟ.

ಕೋಣೇಲಿ ಅವನ ಸರದಿ ಬಂತು. "ನಾವು ತೀರಾ ಕೆಳಗೆ ಹೋಗ್ತಿದ್ದೀವಿ. ಬೇಲಿ ಕಂಬದ ಮೇಲೆ ಕೂತಿದ್ದ ಕಾಗೆ ಕಾಣ್ತು ನಂಗೆ" ಅಂದ.

ನಾಯಕ ಸಿಟ್ಟಾಗ್ಲಿಲ್ಲ. ಬೆಣ್ಣೆ ಹಚ್ಚಿದ ದನೀಲಿ ಕೇಳ್ದ: "ಕಾಗೆ ಕಾಣ್ತಾ ಮರಿ? ಹಾಗಾದ್ರೆ ನಿನ್ನ ಕಣ್ಣು ಎಲ್ಲಿತ್ತು?"

ರೆಕ್ಕೆ ಬಿಟ್ಟು ನೋಡಿದ್ದನ್ನ ಹೊಸಬ ತಾನೇ ಒಪ್ಕೊಂಡ ಹಾಗಾಯ್ತಲ್ಲ! ಪಕ್ಕದಲ್ಲಿ ಹಾರೋ ಜೊತೆಗಾರ, "ಇಳಿಯೋವಾಗ ಕರುಳು ಕಿವುಚುತ್ತೆ ಕಣೋ" ಅಂತ ಇವನ ಹತ್ರ ಅಳ್ತಿದ್ದ ಗಂಡಸು, ಎಲ್ಲರಿಗಿಂತ ಮುಂಚೆ ಬಾಯಿ ಬಿಟ್ಟ: "ಸದ್ಯ, ಇವನ ಕೈಲಿ ಸಾಯದೆ ಉಳಿದ್ವಲ್ಲ."

ಅವನನ್ನ ಹಾರಾಟದಿಂದ ತೆಗೆದು, ನೆಲದ ಮೇಲೆ ನಿಲ್ಲಿಸಿ, ಕೈಗೊಂದು ಮೈಕು ಕೊಟ್ರು. ಕಣ್ಣು ಚುರುಕಾಗಿದೆ, ನೋಡೋಕೆ ಬಂದೋರಿಗೆ ವಿವರಿಸ್ಲಿ ಅಂತ. ಆ ಮೈಕಿನ ಮಾತು ಜನಕ್ಕೆ ಕೇಳೋದು. ಮೇಲಿದ್ದೋರಿಗೆ ಕೇಳೋ ಹಾಗಿರ್ಲಿಲ್ಲ.

ಮುಂದಿನ ಪ್ರದರ್ಶನ ಬಂತು. ಮೈದಾನದ ತುಂಬಾ ಜನ. ಹಾರೋರ ಹೆಂಡ್ತಿ ಮಕ್ಕಳು ಮುಂದಿನ ಸಾಲಲ್ಲಿ. ವಿಮಾನಗಳು ಮೂಗು ಕೆಳಗೆ ಮಾಡಿದ್ವು. ಇವು ಏಳಲ್ಲ ಅಂತ ಹೊಸಬನಿಗೆ ಆಗ್ಲೇ ಗೊತ್ತಾಯ್ತು. ಬರ್ಕೊಟ್ಟ ಮಾತು ಬಿಟ್ಟು "ಮೇಲೆತ್ತಿ! ಮೇಲೆತ್ತಿ!" ಅಂತ ಮೈಕಲ್ಲಿ ಕಿರುಚ್ಕೊಂಡ. ಇದೂ ಆಟಕ್ಕೆ ಸೇರಿದ್ದು ಅಂದ್ಕೊಂಡ ಜನ, ಚಪ್ಪಾಳೆ ತಾಳ ಹಾಕ್ತಾ ಅವನ ಜೊತೆ ಕೂಗಿದ್ರು: "ಮೇಲೆತ್ತಿ! ಮೇಲೆತ್ತಿ!"

ಒಬ್ಬನೂ ಸಾಲು ತಪ್ಪಲಿಲ್ಲ. ಅಷ್ಟೂ ವಿಮಾನ ರೆಕ್ಕೆಗೆ ರೆಕ್ಕೆ ಹೊಂದಿಸ್ಕೊಂಡೇ ನೆಲಕ್ಕೆ ಹೋದ್ವು.

ಸರ್ಕಾರ ಅಲ್ಲೊಂದು ಕಲ್ಲು ನೆಡ್ಸಿ, ಕೊನೆ ಉಸಿರಿನ ತನಕ ಶಿಸ್ತು ಬಿಡದ ವೀರರು ಅಂತ ಕೆತ್ತಿಸ್ತು. ಹೊಸಬ ಎದುರಿಗೆ ಬಂದ್ರೆ ಮಾತ್ರ ಜನ ದನಿ ತಗ್ಗಿಸೋರು. "ಇವನೇ ನೋಡ್ರೀ, ಲಾಯಕ್ಕಿಲ್ಲ ಅಂತ ತಂಡದಿಂದ ಹೊರಗೆ ಹಾಕಿದ್ರಲ್ಲ, ಆ ಆಸಾಮಿ."

ಗುರುಗಳು ಕತೆ ಮುಗಿಸಿದ್ರು.

"ಆ ನಾಯಕ ಸರಿಯಿರ್ಲಿಲ್ಲ ಬಿಡಿ ಗುರುಗಳೇ. ತಮ್ಮ ಮಾತು ಬೇರೆ" ಅಂದ ಕೆಂಪರಾಜ.

"ಇಷ್ಟು ವರ್ಷ ನನ್ನ ಮುಖಾನೇ ನೋಡ್ಕೊಂಡು ಕೂತಿದ್ದೀಯಲ್ಲ ಕೆಂಪ, ನಾನೆಷ್ಟು ಕೆಳಗೆ ಇಳಿದಿದ್ದೀನಿ ಅಂತ ನಿಂಗೆ ಹೇಗಪ್ಪಾ ಗೊತ್ತು?" ಅಂದ್ರು ಗುರುಗಳು.