ಉಸಿರಿನ ಹಿಂದಿನ ಪಾಠ

"ಗುರುಗಳೇ, ಮನಸ್ಸು ನಿಲ್ಲದೆ ಧ್ಯಾನ ಕೂಡಿಬರುವುದಿಲ್ಲ ಎನ್ನುತ್ತೀರಿ. ಧ್ಯಾನ ಮಾಡದೆ ಮನಸ್ಸು ನಿಲ್ಲುವುದಿಲ್ಲ ಎಂದೂ ನೀವೇ ಹೇಳುತ್ತೀರಿ. ಹಾಗಾದರೆ ನಾನು ಎಲ್ಲಿಂದ ಶುರು ಮಾಡಲಿ?" ಎಂದು ಶಿಷ್ಯ ಕೇಳಿದ. ಇದಕ್ಕೆ ಉತ್ತರ ಸಿಗದಿದ್ದರೆ ಗಂಟುಮೂಟೆ ಕಟ್ಟಿ ಹೊರಟೇಬಿಡುವವನ ಹಾಗಿತ್ತು ಅವನ ದನಿ.

ಗುರುಗಳಿಗೆ ಖುಷಿಯಾಯಿತು. ಕತೆ ಹೇಳಲು ಅವರಿಗೆ ಒಂದು ನೆಪ ಸಾಕು. "ಕೂತುಕೋ" ಎಂದು ಶುರು ಮಾಡಿದರು.

ಒಂದು ಹೊಳೆ. ಹೊಳೆಯ ದಡದಲ್ಲಿ ಒಂದು ಕೊಳಲಿನ ಶಾಲೆ. ಅದನ್ನು ಕಟ್ಟಿದ ಮೇಷ್ಟರಿಗೆ ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕು ಎಂಬ ಆಸೆ ಹುಟ್ಟಿತು. ಯಾರು ಯಾವ ಪಾಠಕ್ಕೆ, ಎಷ್ಟು ಹೊತ್ತಿಗೆ, ಎಲ್ಲ ಅದೇ ಹೇಳಬೇಕು. ಪಾಠಗಳೇನು ಬಹಳವಿಲ್ಲ, ಮೂರೇ: ಉಸಿರು, ಸ್ವರ, ರಾಗ. ಒಂದೊಂದರ ಪಕ್ಕದಲ್ಲೂ ಕಂಪ್ಯೂಟರು ಒಂದು ಖಾಲಿ ಚೌಕ ತೋರಿಸಿ ಕೇಳುತ್ತಿತ್ತು: 'ಇದರ ಹಿಂದೆ ಯಾವ ಪಾಠ?'

ರಾಗದ ಹಿಂದೆ ಸ್ವರ ಎಂದು ಮೇಷ್ಟರು ತುಂಬಿದರು. ಸ್ವರದ ಹಿಂದೆ ಉಸಿರು. ಉಸಿರಿನ ಹಿಂದೆ? ಏನೂ ಇಲ್ಲ. ಆದರೆ ಆ ಖಾಲಿ ಚೌಕ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಅವರ ಕಡೆ 'ನೀವು ನಡೀರಿ, ನಾನು ಹಿಂದೆ ಬರ್ತೀನಿ' ಎಂದರೆ ಆಮೇಲೆ ಬರುತ್ತೇನೆ ಎಂದು ತಾನೆ ಅರ್ಥ? ಉಸಿರು ಮೊದಲು ಹೊರಟರೆ ಕಟ್ಟಕಡೆಗೆ ಹಿಂದೆ ಬರುವುದು ರಾಗ. ಸರಿ, ರಾಗ ಎಂದೇ ತುಂಬಿದರು. ಕಂಪ್ಯೂಟರಿನ ತೆರೆಯ ಮೇಲೆ ಮೂರು ಬಾಣಗಳು ಒಂದರ ಬಾಲ ಒಂದು ಹಿಡಿದು ದುಂಡಗೆ ನಿಂತವು. ಆಹಾ, ಎಷ್ಟು ಚೆಂದ! ಸಂಜೆಯ ಆಕಾಶದಲ್ಲಿ ಸುತ್ತುವ ಕೊಕ್ಕರೆಗಳನ್ನು ನೋಡುವ ಹಾಗೆ ನೋಡುತ್ತಾ ಮೇಷ್ಟರು ಮೈಮರೆತರು.

ಆ ಹೊಳೆಗೆ ಆಗ ಸೇತುವೆ ಕಟ್ಟುತ್ತಿದ್ದರು. ಒಬ್ಬ ಅಂಬಿಗ ಶಾಲೆಗೆ ಬಂದ. "ಸ್ವಾಮಿ, ಸೇತುವೆ ಮುಗಿದರೆ ನನ್ನ ದೋಣಿಗೆ ಕೆಲಸವಿಲ್ಲ. ಅಷ್ಟರೊಳಗೆ ಒಂದೇ ಒಂದು ಸಲ ನಡುನೀರಿನಲ್ಲಿ ಕೊಳಲು ಊದಬೇಕು. ಕಲಿಸಿಕೊಡಿ" ಎಂದ.

ಮೇಷ್ಟರು ಅವನ ಹೆಸರನ್ನು ಉಸಿರಿನ ಪಾಠಕ್ಕೆ ಹಾಕಿದರು. ಅದಕ್ಕೂ ಮೊದಲು ಮುಗಿಯಬೇಕಾದ ರಾಗ ಮುಗಿದಿಲ್ಲ ಎಂದಿತು ಕಂಪ್ಯೂಟರು. ರಾಗಕ್ಕೆ ಹಾಕಿದರು. ಸ್ವರ ಮುಗಿದಿಲ್ಲ. ಸ್ವರಕ್ಕೆ ಹಾಕಿದರೆ ಉಸಿರು ಮುಗಿದಿಲ್ಲ. "ನಾಳೆ ಬಾಪ್ಪಾ, ನೋಡೋಣ" ಎಂದರು. ನಾಳೆಯೂ ಅದೇ. ಮೇಷ್ಟರಿಗೆ ತಮ್ಮ ಬಾಣಗಳ ಮೇಲೆ ಬಲು ನಂಬಿಕೆ. ಇವನಲ್ಲೇ ಏನೋ ಕೊರತೆ ಇರಬೇಕು ಎಂದುಕೊಂಡರು. ಅತ್ತ ಸೇತುವೆಯ ಕಂಬಗಳು ಏಳುತ್ತಲೇ ಇದ್ದವು.

ಕೊನೆಗೊಂದು ದಿನ ಅಂಬಿಗ ನಕ್ಕುಬಿಟ್ಟ. "ಏನು ಸ್ವಾಮಿ, ನಮ್ಮ ಹೊಳೆಗೆ ಎರಡೇ ದಡ. ನಿಮ್ಮ ಶಾಲೆಗೆ ಮೂರು. ಒಂದಕ್ಕೂ ದೋಣಿ ತಾಗ್ತಾ ಇಲ್ಲವಲ್ಲ! ನಾಳಿದ್ದು ಸೇತುವೆ ತೆರೀತಾರೆ."

ಮೇಷ್ಟರಿಗೆ ರೇಗಿತು. ಕಂಪ್ಯೂಟರು ಸರಿಯಾಗೇ ಇದೆ ಎಂದು ತೋರಿಸಲು ತಮ್ಮ ಹೆಸರನ್ನೇ ಹಾಕಿದರು. ಉಸಿರಿನ ಪಾಠಕ್ಕೆ ನಿಮಗೆ ಅರ್ಹತೆ ಇಲ್ಲ ಎಂದಿತು. ಸ್ವರಕ್ಕೂ ಇಲ್ಲ, ರಾಗಕ್ಕೂ ಇಲ್ಲ. ತಾವೇ ಕಟ್ಟಿದ ಶಾಲೆಯ ಹೊರಗೆ ನಿಂತಿದ್ದರು ಮೇಷ್ಟರು! ಅವರ ಕಣ್ಣಮುಂದೆ ಏನೋ ಮಸುಕು ಮಸುಕಾಗಿ ತೇಲಿಬಂತು. ಪರಂಗಿ ಎಲೆಯ ದಂಟು ಮುರಿದು, ಪೀ ಎಂದು ಊದುತ್ತಾ ಓಡುತ್ತಿದ್ದ ಒಂದು ಮಗು. ಆ ಮಗು ತಾವೇ. ಆಗ ಯಾವ ಪಾಠ ಮುಗಿದಿತ್ತು? ಯಾರೂ ಕೇಳಿರಲಿಲ್ಲ.

ಉಸಿರಿನ ಪಕ್ಕದ ಚೌಕದಲ್ಲಿದ್ದುದನ್ನು ಮೇಷ್ಟರು ಅಳಿಸಿದರು. ಸುತ್ತು ಬಿಚ್ಚಿಕೊಂಡು ಸಾಲಾಯಿತು. ಅಂಬಿಗ ಒಳಗೆ ಬಂದ.

ಎರಡು ದಿನದಲ್ಲಿ ಏನು ಬಂದೀತು? ಸ್ವರ ಬರಲಿಲ್ಲ, ರಾಗವಂತೂ ದೂರದ ಮಾತು. ಸೇತುವೆ ತೆರೆದ ದಿನ ಅವನು ನಡುನೀರಿಗೆ ಹೋಗಿ, ಹುಟ್ಟನ್ನು ಒಳಗೆಳೆದುಕೊಂಡು, ಕೊಳಲಿಗೆ ಬರೀ ಉಸಿರು ಊದಿದ. ಗಾಳಿಯೇ ನೀರಿನ ಮೇಲೆ ನಿದ್ದೆಯಲ್ಲಿ ನಡೆದುಹೋದಂಥ ಸದ್ದು. ಸೇತುವೆಯ ಮೇಲೆ ಹೊರಟಿದ್ದವರು ಯಾಕೋ ಹೆಜ್ಜೆ ಮರೆತು ನಿಂತರು. ಮೇಷ್ಟರೂ ನಿಂತರು. ಕೆಳಗೆ ದೋಣಿ ತನ್ನ ಪಾಡಿಗೆ ತಾನು ತೇಲುತ್ತಿತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ, "ಅದೆಲ್ಲ ಸರಿ, ನನ್ನ ಮೊದಲ ಪಾಠ ಯಾವುದೆಂದು ಹೇಳಲೇ ಇಲ್ಲವಲ್ಲ?" ಎಂದ.

"ಇದನ್ನು ಕೇಳಲಿಕ್ಕೆ ಯಾವ ಪಾಠ ಮುಗಿಸಿ ಬಂದೆಯಪ್ಪಾ?" ಎಂದರು ಗುರುಗಳು.