ಚಳಿದೇಶಕ್ಕೆ ಹೋದ ಒಗ್ಗರಣೆ ಸೌಟು

ನರ್ಸ್ ಕೆಲಸಕ್ಕೆಂದು ಮಂಗಳೂರಿನಿಂದ ಚಳಿದೇಶಕ್ಕೆ ಹೋದ ಜೆಸಿಂತಾಳ ಪೆಟ್ಟಿಗೆಯಲ್ಲಿ ಒಂದು ಒಗ್ಗರಣೆ ಸೌಟೂ ಹೋಯಿತು. ಮೊದಲ ದಿನ ಸೌಟಿನಲ್ಲಿ ಒಣಮೆಣಸು ಚುರ್ರೆಂದದ್ದೇ ತಡ, ಅಡುಗೆಮನೆಯ ಛಾವಣಿಗೆ ಅಂಟಿಕೊಂಡಿದ್ದ ಹೊಗೆ ಅಲಾರಂ ಕಿರುಚಿತು.

“ಬೆಂಕಿ! ಬೆಂಕಿ!”

“ಬೆಂಕಿಯಲ್ಲ ಸ್ವಾಮಿ, ಸಾರಿಗೆ ಒಗ್ಗರಣೆ,” ಎಂದಿತು ಸೌಟು.

“ಅಂಥದ್ದೆಲ್ಲ ಇಲ್ಲಿಲ್ಲ. ಇಲ್ಲಿರಬೇಕಾದರೆ ಇಲ್ಲಿಯ ರೀತಿ ಕಲಿ.”

ಸೌಟು ಕಲಿಯಿತು. ಕಿಟಕಿ ತೆರೆದ ಮೇಲೆಯೇ ಒಲೆ ಏರಿತು. ಮೆಣಸು ಬಿಟ್ಟಿತು, ಬೆಳ್ಳುಳ್ಳಿ ಬಿಟ್ಟಿತು. ಉಳಿದ ನಾಲ್ಕು ಕಾಳು ಸಾಸಿವೆಯನ್ನೂ ಮೆಲ್ಲಗೆ ಸಿಡಿಯಿರಿ ಎಂದು ಬೇಡಿಕೊಂಡಿತು. ಆದರೂ ಅದು ಗೋಡೆಯ ಮೊಳೆಯಿಂದ ಇಳಿದರೆ ಸಾಕು, ಅಲಾರಂ ಬಾಯಿ ಬಿಡುತ್ತಿತ್ತು.

“ಇನ್ನೂ ಎಣ್ಣೆಯನ್ನೇ ಹಾಕಿಲ್ಲ ಮಾರಾಯ!”

“ಹಾಕುತ್ತೀಯಲ್ಲ!”

ಒಂದು ಬೆಳಿಗ್ಗೆ ಜೆಸಿಂತಾ ಸ್ನಾನಕ್ಕೆ ಹೋಗಿದ್ದಾಗ ಟೋಸ್ಟರಿನಲ್ಲಿ ಬ್ರೆಡ್ಡು ಸಿಕ್ಕಿಕೊಂಡು ಕಪ್ಪು ಹೊಗೆ ಎದ್ದಿತು. ಅಲಾರಂ ತೆಪ್ಪಗಿತ್ತು.

“ಕೂಗೋ!” ಎಂದಿತು ಸೌಟು.

“ಅವನು ಟೋಸ್ಟರು. ಮೊದಲಿನಿಂದಲೂ ಈ ಮನೆಯವನು. ಅವನ ಹೊಗೆ ನನಗೆ ಗೊತ್ತು.”

ಅಷ್ಟರಲ್ಲಿ ಟೋಸ್ಟರಿನ ಪಕ್ಕದ ಕಿಟಕಿಯ ಪರದೆಗೆ ಉರಿ ಹತ್ತಿತು. ಇನ್ನು ಇವನನ್ನು ನಂಬಿ ಪ್ರಯೋಜನವಿಲ್ಲವೆಂದು ಸೌಟು ಮೊಳೆಯಿಂದ ಹಾರಿ ಠಣ್ಣನೆ ನೆಲಕ್ಕೆ ಬಿತ್ತು. ಸದ್ದು ಕೇಳಿ ಓಡಿಬಂದ ಜೆಸಿಂತಾ ಟೋಸ್ಟರಿನ ಪ್ಲಗ್ ಕಿತ್ತು, ಒದ್ದೆ ಟವೆಲಿನಿಂದ ಬಡಿದು ಬೆಂಕಿ ಆರಿಸಿದಳು.

ಹಿಡಿ ಸೊಟ್ಟಗಾದ ಸೌಟು ಬಿದ್ದಲ್ಲಿಂದಲೇ ಮೇಲೆ ನೋಡಿತು.

ಅಲಾರಂ ಗಂಭೀರವಾಗಿ ಹೇಳಿತು: “ಇಲ್ಲಿ ಬೆಳ್ಳಂಬೆಳಿಗ್ಗೆ ಹೀಗೆಲ್ಲ ಗಲಾಟೆ ಮಾಡುವಂತಿಲ್ಲ.”